ಬೀಸಬಾರದ ಜೋಳ

ಕಳೆದ ವಾರ ಕೆಳಗಿನ ಮನೆ ಚಾಚಿಯ ಮಗಳು ಒಂದು ಖಾಕಿ ಬಟ್ಟೆಯ ಚೀಲ ಕೊಟ್ಟು ಹೋದಳು. ತಲೆದಿಂಬಿನ ಅರ್ಧದಷ್ಟಿದೆ, ಭಾರವಿದೆ. ಮೂಗಿಗೆ ಹಿಡಿದರೆ ಹಳೆಯ ಜೋಳದ ವಾಸನೆ. ಮೂಲೆಯಲ್ಲಿ ಕೆಂಪು ದಾರದ ಅಕ್ಷರಗಳು: ಬೀಸಬ್ಯಾಡ್ರಿ. ಓದಿ ನಗು ಬಂತು.

ಚಾಚಿ ವಿಜಯಪುರದವರು. ವಾಲ್ನಟ್ ಕ್ರೀಕ್ ಎಂಬ ಈ ಪರದೇಶದ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗೂ ಚಾಚಿಯೇ. ಹಕ್ಕಿಗಳ ಫೋಟೋ ತೆಗೆಯುವುದು ಅವರ ಹುಚ್ಚು, ಕಾರು ಓಡಿಸುವುದು ನನ್ನ ಪಾಲು. ಚಳಿಗಾಲದಲ್ಲಿ ಉತ್ತರದ ಭತ್ತದ ಗದ್ದೆಗಳಿಗೆ ಹೋಗುತ್ತಿದ್ದೆವು, ಅಲ್ಲಿ ಬಿಳಿ ಹೆಬ್ಬಾತುಗಳು ಇಳಿಯುತ್ತಿದ್ದವು. ವಸಂತದಲ್ಲಿ ಇನ್ನೂ ಉತ್ತರಕ್ಕೆ, ಹಿಮ ಕರಗದ ಬೆಟ್ಟಗಳ ನಡುವಿನ ಸರೋವರಕ್ಕೆ. ಅಲ್ಲಿ ಗ್ರೀಬ್ ಎಂಬ ಉದ್ದ ಕತ್ತಿನ ಹಕ್ಕಿಗಳು ಜೋಡಿಯಾಗಿ ಎದ್ದು ನೀರಿನ ಮೇಲೆ ಓಡುತ್ತವೆ, ಕೆಲವೇ ಸೆಕೆಂಡು. ಚಾಚಿಗೆ ಬೇಕಿದ್ದದ್ದು ಆ ಓಟದ ಒಂದು ಫೋಟೋ. ಮೂರು ವಸಂತ ಹೋದೆವು, ಮೂರೂ ಸಲ ಮಸುಕು. ಅವರ ಕೈ ನಡುಗಲು ಶುರುವಾಗಿತ್ತು. ನಾಲ್ಕನೆಯ ಸಲವೂ ಸಿಗದಿದ್ದರೆ ಕ್ಯಾಮೆರಾ ಮಗಳಿಗೆ ಕೊಟ್ಟುಬಿಡುತ್ತೇನೆ ಎಂದಿದ್ದರು.

ಕಾರಿನ ಕಿಟಕಿಯ ಮೇಲೆ ಲೆನ್ಸಿಗೆ ಆಸರೆಯಾಗಿ ಇಡಲು ಅವರೇ ಹೊಲಿದು ಜೋಳ ತುಂಬಿದ ಚೀಲ ಅದು. ಆ ನಾಲ್ಕನೆಯ ಸಲ ಬಿಚ್ಚಿದ್ದ ಹೊಲಿಗೆಯನ್ನು ನಾನು ಸರಿಮಾಡಿ, ಚೀಲವನ್ನು ನಮ್ಮ ಅಡುಗೆಮನೆಯಲ್ಲಿ ಇಟ್ಟಿದ್ದೆ. ಹುಬ್ಬಳ್ಳಿಯಿಂದ ಬಂದಿದ್ದ ಅವ್ವ, ಹೊರಡುವ ಬೆಳಿಗ್ಗೆ, "ಚೀಲ ಕಾರಿನಾಗ ಇಟ್ಟೇನಿ" ಎಂದಳು. ನಾನು ನೋಡಲಿಲ್ಲ.

ಸರೋವರದ ದಂಡೆಯಲ್ಲಿ ಹಕ್ಕಿಗಳು ಕತ್ತು ತೂಗಲು ಶುರುಮಾಡಿದವು. ಹಿಂದಿನ ಸೀಟಿನಲ್ಲಿದ್ದ ಚಾಚಿ ಚೀಲ ಎತ್ತಿಕೊಂಡರು. ಹಗುರವಾಗಿತ್ತು. ಒಳಗೆ ರೊಟ್ಟಿ. ಅವ್ವ ಜೋಳವನ್ನು ಬೀಸಿ, ರೊಟ್ಟಿ ಬಡಿದು, ಅದೇ ಚೀಲದಲ್ಲಿ ಬುತ್ತಿ ಕಟ್ಟಿದ್ದಳು!

ನನಗೆ ಅಳುವೇ ಬಂತು. ಚಾಚಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು.

"ಮೂರು ವರ್ಷ ಹಕ್ಕಿ ನೋಡಿದ ಜ್ವಾಳ ಐತಿ... ರುಚಿ ಬ್ಯಾರೇನ ಬಂದೈತಿ. ಬಾ ಇಲ್ಲೆ, ಇವತ್ತ ನೀನ ಚೀಲ ಆಗು."

ಕೆಳಗಿಳಿದರೆ ಹಕ್ಕಿಗಳು ದೂರ ಸರಿಯುತ್ತವೆ. ಸೀಟುಗಳ ನಡುವೆ ತೂರಿ ಹಿಂದಕ್ಕೆ ಹೋಗಿ, ಕಿಟಕಿಯ ಬಳಿ ತಲೆ ತಗ್ಗಿಸಿ ಕೂತೆ. ಲೆನ್ಸ್ ನನ್ನ ಎಡ ಭುಜದ ಮೇಲೆ ಕೂತಿತು.

"ಉಸಿರು ಹಿಡಿಯವಾ. ನಕ್ಕಿ ಅಂದ್ರ ನೋಡು!"

ನನಗೆ ಕಾಣುತ್ತಿದ್ದದ್ದು ಬಾಗಿಲಿನ ಹಿಡಿ ಮಾತ್ರ. ನೀರಿನ ಮೇಲೆ ಪಟಪಟನೆ ಪಾದಗಳ ಸದ್ದು ಕೇಳಿತು, ಕ್ಯಾಮೆರಾದ ಸದ್ದು, ಆಮೇಲೆ ಚಾಚಿಯ ನಗು.

"ಸಿಕ್ತು! ಕೆಂಪು ಕಣ್ಣು ಸೈತ ಕಾಣ್ತಾವ. ಇನ್ನ ಉಸಿರು ಬಿಡವಾ, ಸತ್ತಗಿತ್ತೀ!"

ಮನೆಗೆ ಬಂದು ಚಾಚಿ ಹೊಸ ಜೋಳ ತುಂಬಿ, ಅವ್ವನ ಎದುರಿಗೇ ಕೂತು ಆ ಕೆಂಪು ಅಕ್ಷರ ಹೊಲಿದರು. ಅವ್ವ ಬಗ್ಗಲಿಲ್ಲ. "ಹಂಗಾದ್ರ ಇಷ್ಟು ಛಲೋ ಜ್ವಾಳ ಯಾಕ ತುಂಬ್ತೀರಿ?"

ಚಾಚಿ ಈ ಚಳಿಗಾಲದಲ್ಲಿ ತೀರಿಕೊಂಡರು. ನಿನ್ನೆ ನಾನೊಬ್ಬಳೇ ಸರೋವರಕ್ಕೆ ಹೋಗಿ, ಕಿಟಕಿಯ ಮೇಲೆ ಚೀಲವಿಟ್ಟು, ಅದರ ಮೇಲೆ ನನ್ನ ಪುಟ್ಟ ಕ್ಯಾಮೆರಾ ಇಟ್ಟೆ. ಜೋಡಿಯೊಂದು ಎದ್ದು ಓಡಿತು, ಮುಳುಗಿತು. ಆಗ ಗೊತ್ತಾಯಿತು, ನಾನಿನ್ನೂ ಉಸಿರು ಹಿಡಿದೇ ಇದ್ದೆ. ಬಿಡು ಎನ್ನಲು ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ...

ನಾನೇ ಬಿಟ್ಟೆ. ಬಿಡುವಾಗ ನಗು ಬಂತು.