ಅನಗೋಳದ ಹೊಲದಾಗ ಬಿಟ್ಟು ಬಂದ ಕೋಲು

ದೋಸ್ತರ, ನಾಳೆ ನಮ್ಮ ಭೂಗೋಳದ ಪ್ರಾಕ್ಟಿಕಲ್ ಪರೀಕ್ಷಾ. ಅದರಾಗಿನ ಅಂಕಿಸಂಖ್ಯಾ ಭಾಗ ನಿನ್ನೇನ ಓದಿ ಮುಗಿಸಿದ್ವಿ. ಇವತ್ತ ಮುಂಜಾನೆ ನಾನು, ಬಸು ಕೂಡಿ ಅನಗೋಳದ ಒಂದು ಹೊಲದಾಗ ಸರ್ವೇ ರೂಢಿ ಮಾಡಾಕ ಹೋದ್ವಿ. ಕಾಲೇಜಿನಾಗ ಕೇಳಿ ಇಸ್ಕೊಂಡು, ಸೈಕಲ್ಲಿಗೆ ಕಟಗೊಂಡು ಒಯ್ದ ಕೆಂಪು-ಬಿಳಿ ಬಣ್ಣದ ಸರ್ವೇ ಕೋಲು ಗಾಳಿಗೆ ವಾಲಾಕತ್ತಿತ್ತು. ಬಸು ಬದುವಿನ ಮ್ಯಾಲೆ ಸಡ್ಲಾಗಿ ನಿಂತಿದ್ದ ಒಂದು ಕಲ್ಲು ಎತ್ತಿ ತಂದು ಅದರ ಬುಡಕ್ಕ ಇಟ್ಟ.

ಅದು ಇಬ್ಬರು ಅಣ್ಣತಮ್ಮರ ಹೊಲದ ಗಡಿಕಲ್ಲು.

ಅಣ್ಣ ಈ ಕಡೆಯಿಂದ ಓಡಿಬಂದ. ತಮ್ಮ ಆ ಕಡೆಯಿಂದ ಕುಡಗೋಲು ಹಿಡಕೊಂಡು ಬಂದ. ಪಾಲಾದಾಗಿಂದ ಇಬ್ಬರಿಗೂ ಮಾತಿಲ್ಲ. ಹಿಂಗಾಗಿ ಜಗಳ ಎಲ್ಲಾ ನಮ್ಮ ಮುಖಾಂತರ ನಡೀತು.

“ಕಲ್ಲು ಇಲ್ಲಿತ್ತು ಅಂತ ಅವಗ ಹೇಳ್ರಿ,” ಅಂದ ಅಣ್ಣ.

“ಒಂದು ಮಾರು ಆಚೆ ಇತ್ತು ಅಂತ ಅವಗ ಹೇಳ್ರಿ,” ಅಂದ ತಮ್ಮ.

ಎಲ್ಲಿಂದ ಎತ್ತಿದ್ದು ಅನ್ನೂದು ಬಸೂಗೂ ನೆನಪಿಲ್ಲ. ಆದ್ರೂ ನಡುವ ಬಾಯಿ ಹಾಕಿದ. “ಕಾಕಾರ, ಎರಡೂ ಜಾಗಾದ ಸರಾಸರಿ ತಗೊಂಡ್ರ ಆತಲ್ರಿ,” ಅಂದ.

ಕುಡಗೋಲು ಅವನ ಕಡೆ ತಿರುಗಿತು. ನಾನು ಅವನ ಅಂಗಿ ಹಿಡಿದು ಹಿಂದಕ್ಕ ಜಗ್ಗಿದೆ.

ಅಷ್ಟರಾಗ ಅಣ್ಣನ ಹೆಂಡತಿ ನಡುವ ಬಂದು ನಿಂತಳು. “ಊರಿನ ಜಮೀನು ಲೆಕ್ಕದ ತಲಾಠಿ ಬಂದು ನೋಡೂತನಕ ಈ ಕೋಲ ಗಡಿ. ಸರಕಾರಿ ಬಣ್ಣದ್ದೈತಿ, ಯಾರೂ ಮುಟ್ಟಬ್ಯಾಡ್ರಿ,” ಅಂದಳು. ಅಣ್ಣತಮ್ಮರಿಬ್ಬರೂ ಹೂಂ ಅಂತ ಗೋಣು ಹಾಕಿದ್ರು.

“ನಾಳೆ ಪರೀಕ್ಷಾ ಐತ್ರಿ, ಕೋಲು ಬೇಕ್ರಿ,” ಅಂದೆ.

“ಕಲ್ಲಿದ್ದ ಜಾಗಾ ಮೊದಲ ತೋರಸ್ರಿ,” ಅಂದ್ರು ಇಬ್ಬರೂ, ಕೂಡೇ.

ಬರಿಗೈಲೆ ಬಂದೇವಿ. ನಾಳೆ ಸರ್ ಕೋಲೆಲ್ಲಿ ಅಂತ ಕೇಳಿದ್ರ ಇದ್ದದ್ದು ಇದ್ದಂಗ ಹೇಳೂದ: ಸರ್, ನಮಗಿಂತ ಮೊದಲ ಅದಕ್ಕ ನೌಕರಿ ಸಿಕ್ಕೈತ್ರಿ.