ಮೆಟ್ಟಿಲಲ್ಲಿ ಕೆಳಗೆ ನಿಂತವನು

ಮನೆ ಸಾಮಾನು ಸಾಗಿಸುವ ಹಮಾಲಿಗಳಲ್ಲಿ ಒಂದು ಕಟ್ಟಳೆ ಇದೆ. ಮೆಟ್ಟಿಲು ಹತ್ತುವಾಗ ಭಾರವೆಲ್ಲ ಕೆಳಗಿನವನದು. ಮೇಲಿನವನು ಹಿಡಿದುಕೊಂಡು ದಾರಿ ತೋರಿಸಿದರೆ ಸಾಕು. ಆದರೆ ಮೇಲಿನವನ ಕೈ ಸೋತಿತೋ, ಮೊದಲು ‘ಬಿಟ್ಟೆ’ ಎಂದು ಕೂಗಬೇಕು. ಕೂಗಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ತಡೆದುಕೊಳ್ಳಬೇಕು. ಅಷ್ಟರಲ್ಲಿ ಕೆಳಗಿನವನು ಗೋಡೆಗೆ ಅಂಟಿಕೊಂಡು ಜೀವ ಉಳಿಸಿಕೊಳ್ಳುತ್ತಾನೆ. ಕೂಗದೆ ಕೈ ಬಿಟ್ಟವನ ಜೊತೆ ಮತ್ತೆ ಯಾರೂ ಕೆಲಸಕ್ಕೆ ಹೋಗುವುದಿಲ್ಲ.

ದೊಡ್ಡಣ್ಣ ಜೀವಮಾನವಿಡೀ ಕೆಳಗೇ ನಿಂತವನು. ಮೇಲೆ ಅವನ ಒಡಹುಟ್ಟಿದ ತಮ್ಮ. ತಾಯಿ ಕೂಲಿಗೆ ಹೋದಾಗ ಆ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಬೆಳೆಸಿದವನೂ ಇವನೇ. ತಮ್ಮನಿಗೆ ಮದುವೆ ಮಾಡಿಸಿದ, ತಾನು ಮಾಡಿಕೊಳ್ಳಲಿಲ್ಲ. ಯಾಕಪ್ಪಾ ಎಂದು ಕೇಳಿದರೆ, “ಊರವರ ಬೀರು ಹೊತ್ತೇ ಸಾಕಾಗಿದೆ ಮಾರಾಯ, ಸಂಸಾರ ಬೇರೆ ಹೊರಬೇಕಾ?” ಎಂದು ನಗುತ್ತಿದ್ದ. ತಮ್ಮನಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಬರಬರುತ್ತ ಅವನೇ ಗುಂಪಿನ ಮೇಸ್ತ್ರಿಯಾದ. ಯಾರಿಗೆ ಕೆಲಸ, ಯಾರಿಗೆ ಇಲ್ಲ ಎಂಬುದು ಅವನ ಕೈಗೆ ಬಂತು.

ಆವತ್ತು ಮೂರನೇ ಮಹಡಿಗೆ ಕಬ್ಬಿಣದ ಬೀರು ಹತ್ತಿಸುತ್ತಿದ್ದರು. ಮೆಟ್ಟಿಲಿನ ತಿರುವಿನಲ್ಲಿ ಮೇಸ್ತ್ರಿಯ ಅಂಗಿ ಜೇಬಿನೊಳಗೆ ಫೋನು ಬಡಿದುಕೊಂಡಿತು. ಹಾಳಾದವನು ಕೈ ತೆಗೆದ! ಕೂಗಲಿಲ್ಲ, ಕೊನೆಗೆ ಕೆಮ್ಮಲೂ ಇಲ್ಲ. ಬೀರು ಜಾರಿ ಬಂದು ದೊಡ್ಡಣ್ಣನ ಮೊಣಕಾಲನ್ನು ಗೋಡೆಗಿಟ್ಟು ಅರೆದುಹಾಕಿತು. ಬೀರಿನ ಯಜಮಾನ ಓಡಿಬಂದವನೇ ಒಡೆದ ಕನ್ನಡಿ ನೋಡಿ ಹಾರಾಡಿದ. ಕಾಲಿನ ಕಡೆ ಅವನ ಕಣ್ಣು ಹೋಗಲೇ ಇಲ್ಲ.

“ಅಣ್ಣಂಗೆ ವಯಸ್ಸಾಯ್ತು ಸ್ವಾಮಿ, ಕೈ ಜಾರಿಬಿಡ್ತು,” ಎಂದ ಮೇಸ್ತ್ರಿ.

ಜೊತೆಯವರಿಗೆ ಗೊತ್ತಾಗದ ಸಂಗತಿಯೇ ಇದು? ಮೇಲಿನವನು ಬಿಡದೆ ಬೀರು ಹಾಗೆ ಕೆಳಕ್ಕೆ ಬರುತ್ತದೆಯೇ? ಆದರೂ ಒಬ್ಬೊಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಮಾರನೆಯ ದಿನ ಕೆಲಸ ಕೊಡುವವನು ಅವನೇ ತಾನೆ! ಅಷ್ಟೇ ಆಗಿದ್ದರೂ ಸಹಿಸಬಹುದಿತ್ತು, ದೊಡ್ಡಣ್ಣನಿಗೆ ‘ಜಾರುಗೈ’ ಎಂದು ಅಡ್ಡಹೆಸರು ಬೇರೆ ಇಟ್ಟು ನಕ್ಕರು. ಥೂ.

ಅಲ್ಲಿಂದಾಚೆಗೆ ಅವನ ವಾಸ ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ಒಂದು ಮಂಚ, ಒಂದು ಊರುಗೋಲು, ಬಟ್ಟೆ ಒಗೆಯುವ ಕಲ್ಲಿನ ಕಡೆಗೊಂದು ಕಿಟಕಿ. ಹೊತ್ತುಹೊತ್ತಿಗೆ ತಟ್ಟೆ ಬರುತ್ತಿತ್ತು, ಸುಳ್ಳು ಹೇಳಬಾರದು. ಅವನಿಗೆ ಬೇಕಾದದ್ದು ಒಂದೇ: ನಿನ್ನ ಕೈ ಜಾರಿರಲಿಲ್ಲ ಎಂದು ಯಾರಾದರೂ ಒಬ್ಬರು ಒಂದು ಸಲ ಬಾಯಿಬಿಟ್ಟು ಹೇಳಬೇಕು. ತಮ್ಮ ಹೇಳುವವನಲ್ಲ. ಉಳಿದವಳು ತಮ್ಮನ ಮಗಳು. ಕಾಲೇಜಿನಲ್ಲಿ ಕನ್ನಡ ಓದುವ ಹುಡುಗಿ. ಪಾಪ, ಅದಕ್ಕೇನೂ ಗೊತ್ತಿಲ್ಲ, ಗೊತ್ತಾದರೆ ಸುಮ್ಮನಿರುವ ಮಗುವಲ್ಲ ಎಂದು ಅವನ ನಂಬಿಕೆ.

ಒಂದು ಸಂಜೆ ಅವಳೇ ಬಂದು ಮಂಚದ ತುದಿಯಲ್ಲಿ ಕೂತಳು. ಮನೆಯಲ್ಲಿ ಬಳಸುವ ಒಂದು ಮಾತಿನ ಹುಟ್ಟು, ಅರ್ಥ ಹುಡುಕಿ ತರಗತಿಯಲ್ಲಿ ಹೇಳಬೇಕಂತೆ.

“ಹಮಾಲಿ ನಮ್ಮ ಮಾತೇ ಅಲ್ಲ ದೊಡ್ಡಪ್ಪ, ಅರಬ್ಬಿಯಿಂದ ಬಂದಿದ್ದು. ಅಲ್ಲಿ ಹೊರೋದಕ್ಕೂ ಬಸಿರಿಗೂ ಒಂದೇ ಬೇರು.”

“ನಮ್ಮಲ್ಲಿ ಮಾತ್ರ ಇನ್ನೇನು? ‘ನಿಮ್ಮಿಬ್ಬರನ್ನೂ ಹೊತ್ತು ಹೆತ್ತೆ, ಏನು ಸುಖ ಕಂಡೆ’ ಅಂತ ನಮ್ಮವ್ವ ದಿನಾ ಬೈತಿದ್ಲು.”

“ಹೌದಲ್ವಾ! ನಮ್ಮ ‘ಹೊರು’ ಹಳೆಗನ್ನಡದಲ್ಲಿ ‘ಪೊರು’ ಆಗಿತ್ತಂತೆ.”

“ಏನಾದ್ರೂ ಆಗಿರಲಿ ಬಿಡವ್ವ, ಭಾರ ಏನೂ ಕಮ್ಮಿ ಇರಲಿಲ್ಲ.”

ಇಬ್ಬರೂ ನಕ್ಕರು. ಅವನು ನಕ್ಕು ಎಷ್ಟು ಕಾಲವಾಗಿತ್ತೋ.

“ಹೊರೋವಾಗ ನೀವು ನೀವೇ ಏನೇನು ಕೂಗ್ತೀರಿ, ಹೇಳಿ.”

ದೊಡ್ಡಣ್ಣ ಹುರುಪಿನಿಂದ ಹೇಳುತ್ತ ಹೋದ. ‘ಹೂಂ’ ಅಂದರೆ ಎತ್ತು, ‘ತಾಳು’ ಅಂದರೆ ನಿಲ್ಲು. ‘ಬಿಟ್ಟೆ’ ಎಂಬಲ್ಲಿಗೂ ಬಂದ. ಅದನ್ನು ಯಾರು, ಯಾವಾಗ, ಯಾಕೆ ಕೂಗಬೇಕು ಎಂದು ಬಿಡಿಸಿ ಹೇಳಿದ. ಆಮೇಲೆ ಇನ್ನು ತಡೆಯಲಾರದೆ, ಆವತ್ತು ಆ ತಿರುವಿನಲ್ಲಿ ಅದನ್ನು ಯಾರು ಕೂಗಲಿಲ್ಲ ಎಂಬುದನ್ನೂ ಹೇಳಿಬಿಟ್ಟ. ಹೇಳಿ ಅವಳ ಮುಖವನ್ನೇ ನೋಡುತ್ತ ಕೂತ. ಎದ್ದು ಹೋಗಿ ಅಪ್ಪನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ ಎಂದು ಕಾದ.

ಹುಡುಗಿ ಏಳಲಿಲ್ಲ.

“ಗೊತ್ತು ದೊಡ್ಡಪ್ಪ. ಊಟಕ್ಕೆ ಕೂತಾಗ ಅಪ್ಪ ಅವತ್ತೇ ಹೇಳಿದ್ರು.”

“ಅವತ್ತೇನಾ? ನಿಮ್ಮಮ್ಮಂಗೂ ಗೊತ್ತಾ?”

“ಎಲ್ರಿಗೂ ಗೊತ್ತು.”

“ಮತ್ತೆ ಒಂದು ಮಾತು, ನನ್ನ ಹತ್ರ ಒಂದು ಮಾತು ಆಡಲಿಲ್ವಲ್ಲೇ ನೀನು?”

“ಒಬ್ರು ಬಾಯಿಬಿಟ್ರೆ ಎಲ್ರೂ ಬಿಡ್ತಾರೆ, ಆಮೇಲೆ ಅಪ್ಪನ ಜೊತೆ ಯಾರು ಕೆಲಸಕ್ಕೆ ಬರ್ತಾರೆ? ಮನೆ ನಡೀಬೇಕಲ್ಲ. ನೀವಂತೂ ಇನ್ನು ದುಡಿಯೋಕೆ ಹೋಗಲ್ಲ, ಹೆಸರು ಇದ್ರೇನು ಹೋದ್ರೇನು?” ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು. “ಈ ಕೂಗೋ ವಿಷಯ ಬರ್ಕೊಳ್ಳಲಾ ದೊಡ್ಡಪ್ಪ? ಬೇರೆ ಯಾರ ಹತ್ರಾನೂ ಇಂಥದ್ದು ಇರಲ್ಲ.”

ದೊಡ್ಡಣ್ಣ ಗೋಡೆಯ ಕಡೆ ಹೊರಳಿಕೊಂಡ.

“ಬರ್ಕೋ,” ಎಂದ.