ನರಸಾರೆಡ್ಡಿಯವರ ಬಂಡೆ ಕೊಂಡ ಕಥೆ

"ಟೀಚರಮ್ಮಾ, ಈ ಗುಡ್ಡ ಮಾರ್ಲಿಕತ್ತೀನ್ರಿ!"

ನಾನು ಆಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ನೆಲದಿಂದ ಇಪ್ಪತ್ತು ಅಡಿ ಮೇಲೆ ಬಂಡೆಗೆ ಅಂಟಿಕೊಂಡಿದ್ದೆ. ಇಂಥ ಸುದ್ದಿ ಹೇಳುವ ಹೊತ್ತೇ ಅದು? ಆದರೆ ನರಸಾರೆಡ್ಡಿಯವರಿಗೆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲ.

ನಾನು ಸೇಡಂ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಮಡಿ-ಪೂಜೆಯ ಮನೆತನದ ಸೊಸೆ. ನನಗೆ ಬಂಡೆ ಹತ್ತುವ ಈ ಹುಚ್ಚು ಹಿಡಿಸಿದವಳು ನಮ್ಮ ಪಿ.ಟಿ. ಟೀಚರ್ ಶಬಾನಾ. (ಅತ್ತೆಯವರು ಮೂರು ತಿಂಗಳು ಮಾತು ಬಿಟ್ಟಿದ್ದರು. ಈಗ ಅವರೇ ಅವಲಕ್ಕಿ ಕಟ್ಟಿಕೊಡುತ್ತಾರೆ.) ಭಾನುವಾರ ಬಂತೆಂದರೆ ಮೊದಲ ಬಸ್ಸು ಹಿಡಿದು ಚಂದ್ರಂಪಳ್ಳಿ ಡ್ಯಾಮಿನ ಕಡೆ ಹೊರಟುಬಿಡುತ್ತೇವೆ. ರೆಡ್ಡಿಯವರ ಹೊಲದಂಚಿನ ಬಂಡೆ ಹತ್ತಲು ವಾಡಿ, ಚಿತ್ತಾಪುರದಿಂದಲೂ ಬ್ಯಾಂಕಿನವರು, ಎಂಜಿನಿಯರುಗಳು ಬರುತ್ತಾರೆ. ಆ ಮನುಷ್ಯ ಒಂದು ದಿನವೂ ಬೇಡ ಎಂದವರಲ್ಲ.

ಈಗ ಅದನ್ನು ಕ್ರಷರ್‌ನವರು ಕೇಳಿದ್ದರು. ಎರಡು ವರ್ಷದಲ್ಲಿ ಇಡೀ ಬಂಡೆ ಜಲ್ಲಿಯಾಗುತ್ತಿತ್ತು.

"ನಾವೇ ತಗೋತೀವ್ರಿ," ಎಂದುಬಿಟ್ಟಳು ಶಬಾನಾ.

ರೆಡ್ಡಿಯವರು ನಗಲಿಲ್ಲ. "ಯುಗಾದಿ ತನಕ ಕಾಯ್ತೀನಿ. ಅವ್ರು ಕೊಡೋದಕ್ಕಿಂತ ಒಂದು ಪೈಸಾ ಜಾಸ್ತಿ ಬ್ಯಾಡ. ಕಮ್ಮೀನೂ ಬ್ಯಾಡ," ಎಂದರು.

ಒಂದು ಟ್ರಸ್ಟ್ ಮಾಡಿದೆವು. (ಹೆಸರಿಡಲಿಕ್ಕೇ ಎರಡು ಮೀಟಿಂಗ್!) ರಸೀದಿ ಪುಸ್ತಕ ಹಿಡಿದು ಬಾಗಿಲು ಬಾಗಿಲು ತಟ್ಟಿದೆವು. ಸೇಡಂ ಬಜಾರಿನ ವ್ಯಾಪಾರಿಯೊಬ್ಬರು ಕುರ್ಚಿ ಕೊಟ್ಟರು, ಚಹಾ ಕೊಟ್ಟರು. "ಗುಡಿ ಕಟ್ಟಲಿಕ್ಕ ಕೇಳ್ರಿ, ಕೊಡ್ತೀನಿ. ಕಲ್ಲು ಹತ್ತಲಿಕ್ಕ ರೊಕ್ಕ ಅಂದ್ರ ಹ್ಯಾಂಗ್ರಿ ಮೇಡಂ?" ಎಂದರು. ರಸೀದಿ ಮಾತ್ರ ಹರಿಯಲಿಲ್ಲ.

ಯುಗಾದಿ ಹತ್ತಿರ ಬಂತು. ಬಂಡೆ ಹತ್ತುವ ನಮ್ಮವರು ಕೊಟ್ಟದ್ದೂ ಸೇರಿ ಇನ್ನೂ ಕಾಲುಭಾಗ ಹಣ ಬಾಕಿ.

"ಶಹಾಬಾದಿಗೆ ಹೋಗೋಣ," ಎಂದಳು ಶಬಾನಾ. ಅವಳ ಅಪ್ಪ ಅಲ್ಲಿಯ ಕಲ್ಲಿನ ಗಣಿಯಲ್ಲಿ ದುಡಿದವರು. ನನಗೆ ಮುಜುಗರ. ಕಲ್ಲು ಒಡೆದೇ ಹೊಟ್ಟೆ ಹೊರೆಯುವವರ ಮುಂದೆ ನಿಂತು, ಒಂದು ಕಲ್ಲು ಒಡೆಯದ ಹಾಗೆ ನೋಡಿಕೊಳ್ಳಲು ದುಡ್ಡು ಕೊಡಿ ಎನ್ನುವುದೇ?

ಊಟದ ಬಿಡುವಿನಲ್ಲಿ ಶಬಾನಾ ಎಲ್ಲವನ್ನೂ ಹೇಳಿದಳು. ಚಪ್ಪಡಿ ಹೊರುವ ಮಹಾದೇವಿ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು. ನಲವತ್ತರ ಆಸುಪಾಸಿನ ಹೆಂಗಸು.

"ಕೊಡ್ತೀವ್ರಿ. ಖರೇ, ಹತ್ತಲಿಕ್ಕ ನಮ್ನೂ ಬಿಡ್ತೀರೇನು?"

ನನ್ನ ಬ್ಯಾಗಿನಲ್ಲಿ ಟ್ರಸ್ಟಿನ ನಿಯಮಾವಳಿಯ ಕರಡು ಇತ್ತು. ಸದಸ್ಯರಿಗೆ ಮಾತ್ರ ಪ್ರವೇಶ, ವಾರ್ಷಿಕ ಶುಲ್ಕ, ಗೇಟಿಗೆ ಬೀಗ. ಬರೆದವಳು ನಾನೇ. ಕ್ರಷರ್‌ನವರಿಂದ ಉಳಿಸಿ ಯಾರ ಪಾಲಿಗೆ ಮುಚ್ಚಲು ಹೊರಟಿದ್ದೆವು ನಾವು?

"ನಾಳೆ ಬಂದು ಹೇಳ್ತೀನಿ," ಎಂದು ಎದ್ದೆ.

ಅಂದೇ ಸಂಜೆ ವಾಡಿಯಲ್ಲಿ ಮೀಟಿಂಗ್ ಕರೆದೆವು. ಬ್ಯಾಂಕಿನ ಗೆಳೆಯರೊಬ್ಬರು ಸಿಟ್ಟಾದರು. "ಎಲ್ಲಾರ್ನೂ ಬಿಟ್ರ ಕಂಟ್ರೋಲ್ ಹ್ಯಾಂಗ್ರಿ? ಯಾರಾದ್ರೂ ಬಿದ್ರ?"

"ನೀವೂ ಬೀಳ್ತೀರಲ್ರಿ ಸರ್. ನಾನೇ ಹಗ್ಗ ಹಿಡಿದೀನಿ," ಎಂದಳು ಶಬಾನಾ. "ಅವ್ರಿಗೂ ಹಿಡೀತೀನಿ."

ಅವರ ಹೆದರಿಕೆ ಸುಳ್ಳೇನಲ್ಲ. ಅದಕ್ಕೆ ಉತ್ತರ ಹತ್ತುವುದನ್ನು ಕಲಿಸುವುದೇ ಹೊರತು ಬೀಗವಲ್ಲ ಎಂದೆ. ನಿಯಮ ಬದಲಾಗದಿದ್ದರೆ ನಾನು ಟ್ರಸ್ಟಿನಲ್ಲಿ ಇರುವುದಿಲ್ಲ ಎಂದೂ ಹೇಳಿದೆ. ಜೀವನದಲ್ಲಿ ಮೊದಲ ಸಲ ಮೇಜು ಗುದ್ದಿದೆ. (ಕೈ ಎರಡು ದಿನ ನೋಯುತ್ತಿತ್ತು.) ಕೊನೆಗೆ ಮೂರೂ ಸಾಲು ಹೊಡೆದುಹಾಕಿ ಒಂದೇ ಸಾಲು ಬರೆದೆವು: ಕಲಿತು ಹತ್ತಲು ಯಾರು ಬೇಕಾದರೂ ಬರಬಹುದು.

ಮರುದಿನ ಗಣಿಯಲ್ಲಿ ಆ ಸಾಲನ್ನು ಗಟ್ಟಿಯಾಗಿ ಓದಿದೆ. ಮಹಾದೇವಿ ಎರಡು ಸಲ ಓದಿಸಿದಳು. ಆಮೇಲೆ ಅವರೆಲ್ಲ ಒಂದು ದಿನದ ಪಗಾರ ತಂದು ಶಬಾನಾಳ ಸೆರಗಿಗೆ ಹಾಕಿದರು. ಈ ಸುದ್ದಿ ಕೇಳಿದ ಮೇಲೆ ನಮ್ಮವರು ಸುಮ್ಮನಿರಲಾದೀತೇ? ಮೊದಲೇ ಕೊಟ್ಟವರು ಇನ್ನೊಮ್ಮೆ ಕೊಟ್ಟರು. ಸಿಟ್ಟಾಗಿದ್ದ ಬ್ಯಾಂಕಿನ ಗೆಳೆಯರು ಎಲ್ಲರಿಗಿಂತ ಹೆಚ್ಚು ಕೊಟ್ಟರು.

ಯುಗಾದಿಗೆ ನಾಲ್ಕು ದಿನ ಮೊದಲು ಚಿಂಚೋಳಿಯಲ್ಲಿ ರಿಜಿಸ್ಟ್ರಿ ಆಯಿತು. ಸಹಿ ಹಾಕುವ ಮುಂಚೆ ರೆಡ್ಡಿಯವರದು ಒಂದೇ ಷರತ್ತು: "ನನ್ನ ಎಮ್ಮಿ ಅಲ್ಲೇ ಮೇಯ್ತಾವ, ನೋಡ್ರಿ." ಒಪ್ಪಿದೆವು.

ಮೊನ್ನೆ ಭಾನುವಾರ ಮಹಾದೇವಿ ಬಂದಿದ್ದಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಮೇಲಿಂದ ಶಬಾನಾ ಹಗ್ಗ ಹಿಡಿದಿರಲು ಹತ್ತಿದಳು. ನಡುವೆ ಒಮ್ಮೆ ಕಾಲು ಜಾರಿತು. ಶಬಾನಾಳನ್ನು ಬೈದಳು, ಬಂಡೆಯನ್ನು ಬೈದಳು, ಮತ್ತೆ ಹತ್ತಿದಳು. ತುದಿ ಮುಟ್ಟಿದವಳು ಇಳಿಯಲೇ ಇಲ್ಲ.

"ಏನ್ ಕಾಣ್ತದ?" ಕೆಳಗಿನಿಂದ ಕೂಗಿದೆ.

"ಡ್ಯಾಮಿನ ನೀರು ಕಾಣ್ತದ್ರಿ ಟೀಚರ್! ಇನ್ನೊಂದೀಟು ಕುಂದರ್ತೀನಿ."

ಸೋಮವಾರ ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಕೇಳಿದರು: "ಇಷ್ಟೆಲ್ಲಾ ಒದ್ದಾಡಿ ನಿಮಗ ಸಿಕ್ಕಿದ್ದಾದ್ರೂ ಏನ್ರಿ?"

ದಿನವಿಡೀ ಕಲ್ಲು ಹೊರುವವಳಿಗೆ ಕಲ್ಲಿನ ಮೇಲೆ ಕೂರಲೊಂದು ಜಾಗ ಸಿಕ್ಕಿದೆ. ಸಾಲದೇ?